ಹೆದ್ದಾರಿಯನ್ನು ಅಡ್ಡ ದಾಟಿಸದೆ ದಾರಿ ಕೊಡುವುದು ಹೇಗೆ?

ಹೆದ್ದಾರಿಯ ಯಾವುದೋ ಜಂಕ್ಷನ್‌ನಲ್ಲಿ ಮೇಲಿಂದ ಮೇಲೆ ಅಪಘಾತ ಆಗುತ್ತಿದ್ದರೆ ಬರುವ ಬೇಡಿಕೆ ಸಾಮಾನ್ಯವಾಗಿ ಎರಡೇ. ಸಿಗ್ನಲ್ ಹಾಕಿ, ಇಲ್ಲವೇ ಫ್ಲೈಓವರ್ ಕಟ್ಟಿ. ಕೆಲವು ಕಡೆ ಇವೇ ಸರಿಯಾದ ಉತ್ತರ. ಆದರೆ ರಸ್ತೆ ವಿನ್ಯಾಸದ ಕೆಲಸ ಮಾಡುವ ನಾನು ಮೊದಲು ಕೇಳುವ ಪ್ರಶ್ನೆ ಬೇರೆ. ಇಲ್ಲಿ ಯಾರು ಯಾರ ದಾರಿಗೆ ಅಡ್ಡ ಹೋಗುತ್ತಿದ್ದಾರೆ? ಹಾಗೆ ಅಡ್ಡ ಹೋಗದೆಯೇ ಅವರು ತಮ್ಮ ಊರು ಸೇರುವಂತೆ ಮಾಡಲು ಆಗುತ್ತದಾ?

ಎರಡು ರಸ್ತೆಗಳು ಪ್ಲಸ್ ಆಕಾರದಲ್ಲಿ ಸೇರುವ ಮಾಮೂಲಿ ಜಂಕ್ಷನ್ ತೆಗೆದುಕೊಳ್ಳಿ. ಅಲ್ಲಿ ವಾಹನಗಳು ಹೋಗಬಹುದಾದ ದಾರಿಗಳನ್ನೆಲ್ಲ ಕಾಗದದ ಮೇಲೆ ಗೆರೆ ಎಳೆದು ನೋಡಿದರೆ, ಆ ಗೆರೆಗಳು 32 ಕಡೆ ಒಂದಕ್ಕೊಂದು ತಾಗುತ್ತವೆ. 8 ಕಡೆ ದಾರಿ ಕವಲಾಗುತ್ತದೆ. 8 ಕಡೆ ಕೂಡಿಕೊಳ್ಳುತ್ತದೆ. ಉಳಿದ 16 ಕಡೆ ಒಂದು ಗೆರೆ ಇನ್ನೊಂದನ್ನು ಕತ್ತರಿಸಿಕೊಂಡು ಹೋಗುತ್ತದೆ. ಜೀವಕ್ಕೆ ಅಪಾಯ ಜಾಸ್ತಿ ಇರುವುದು ಈ 16ರಲ್ಲಿ.

ಕಾರಣ ಸರಳ. ಕೂಡುವಾಗ, ಕವಲಾಗುವಾಗ ವಾಹನಗಳು ಹೆಚ್ಚು ಕಡಿಮೆ ಒಂದೇ ದಿಕ್ಕಿಗೆ ಸಾಗುತ್ತಿರುತ್ತವೆ. ಡಿಕ್ಕಿಯಾದರೂ ಎರಡರ ವೇಗದ ವ್ಯತ್ಯಾಸ ಕಡಿಮೆ, ಹೊಡೆತವೂ ಕಡಿಮೆ. ಅಡ್ಡ ಬಂದ ವಾಹನಕ್ಕೆ ಪಕ್ಕದಿಂದ ಗುದ್ದಿದರೆ ಪೂರ್ತಿ ವೇಗದ ಹೊಡೆತ ಬಾಗಿಲಿನ ಮೇಲೆ ಬೀಳುತ್ತದೆ. ಕಾರಿನ ಮುಂಭಾಗದಲ್ಲಿ ನಜ್ಜುಗುಜ್ಜಾಗಿ ಹೊಡೆತ ತಡೆಯಲು ಒಂದಷ್ಟು ಜಾಗ ಇರುತ್ತದೆ. ಬಾಗಿಲಿಗೂ ಒಳಗೆ ಕೂತವರಿಗೂ ನಡುವೆ ಅಂಥ ಜಾಗ ಎಲ್ಲಿದೆ? ರಸ್ತೆಯಲ್ಲಿ ಒಂದು ಜೀವವೂ ಹೋಗಬಾರದು ಎಂದು ಸ್ವೀಡನ್ 1997ರಲ್ಲಿ ಒಪ್ಪಿಕೊಂಡ ವಿಷನ್ ಝೀರೋ ಚಿಂತನೆ ಇದನ್ನೇ ಲೆಕ್ಕಕ್ಕೆ ತಂದಿತು. ಒಳ್ಳೆಯ ಕಾರಿನಲ್ಲಿ ಬೆಲ್ಟ್ ಹಾಕಿ ಕೂತವರು ಕೂಡ ಪಕ್ಕದ ಹೊಡೆತವನ್ನು ತಾಳಿಕೊಳ್ಳುವುದು ಸುಮಾರು 50 ಕಿ.ಮೀ. ವೇಗದವರೆಗೆ. ನಡೆದು ಹೋಗುವವರಿಗೆ ಆ ಮಿತಿ 30 ಕಿ.ಮೀ. ಬೈಕಿನವರಿಗೂ ಮೈಮೇಲೆ ಕಬ್ಬಿಣದ ಕವಚ ಇಲ್ಲ. ಹೆದ್ದಾರಿಯಲ್ಲಿ ವಾಹನ ಬರುವುದು 80, 100 ಕಿ.ಮೀ. ವೇಗದಲ್ಲಿ. ಅಂದಮೇಲೆ ಅಡ್ಡ ದಾಟುವ ಜಾಗದಲ್ಲಿ ಒಬ್ಬರ ಸಣ್ಣ ಲೆಕ್ಕ ತಪ್ಪಿದರೂ ಅದಕ್ಕೆ ತೆರುವುದು ಪ್ರಾಣವೇ. ಚಾಲಕರಿಗೆ ಬುದ್ಧಿ ಹೇಳುವುದು ಬೇಕು. ಆದರೆ ಮನುಷ್ಯ ಲೆಕ್ಕ ತಪ್ಪುತ್ತಾನೆ ಎಂದು ಒಪ್ಪಿಕೊಂಡೇ ರಸ್ತೆ ಮಾಡಬೇಕು.

ಆ ಲೆಕ್ಕ ಎಷ್ಟು ಕಷ್ಟದ್ದು ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. ಪಕ್ಕದ ಸಣ್ಣ ರಸ್ತೆಯಿಂದ ಒಂದು ಕಾರು ಬಂದು ನಾಲ್ಕು ಲೇನ್ ಹೆದ್ದಾರಿಯ ಅಂಚಿನಲ್ಲಿ ನಿಂತಿದೆ. ನೇರ ಎದುರಿನ ರಸ್ತೆಗೆ ಹೋಗಬೇಕು. ಸಿಗ್ನಲ್ ಇಲ್ಲ. ನಿಂತ ಜಾಗದಿಂದ ಹೊರಟು ಎರಡೂ ಬದಿ ದಾಟಲು ಸುಮಾರು 8 ಸೆಕೆಂಡು ಬೇಕು. 100 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿಗೆ ಹತ್ತಿರಹತ್ತಿರ 28 ಮೀಟರ್ ಬರುತ್ತದೆ. 8 ಸೆಕೆಂಡಿಗೆ 220 ಮೀಟರ್ ದಾಟುತ್ತದೆ. ಅಂದರೆ ಬಲಕ್ಕೆ 220 ಮೀಟರ್ ಖಾಲಿ ಇರಬೇಕು, ಅದೇ ಹೊತ್ತಿಗೆ ಎಡಕ್ಕೂ ಖಾಲಿ ಇರಬೇಕು. ಉದ್ದದ ಲಾರಿಗೆ 12 ಸೆಕೆಂಡಾದರೂ ಬೇಕು. ಅದಕ್ಕೆ 330 ಮೀಟರ್ ಬೇಕಾಗುತ್ತದೆ.

ದೂರದಿಂದ ನೇರ ನಮ್ಮ ಕಡೆಗೇ ಬರುವ ವಾಹನದ ವೇಗವನ್ನು ಕಣ್ಣು ಸರಿಯಾಗಿ ಅಳೆಯುವುದಿಲ್ಲ. ಅಷ್ಟು ದೂರದಲ್ಲಿ ಅದರ ಗಾತ್ರ ನಿಧಾನವಾಗಿ ದೊಡ್ಡದಾಗುತ್ತದೆ. ಹತ್ತಿರ ಬಂದ ಮೇಲೆ ಇದ್ದಕ್ಕಿದ್ದಂತೆ ದೊಡ್ಡದಾಗುತ್ತದೆ. ಬೈಕು ಸಣ್ಣದಾದ್ದರಿಂದ ಇನ್ನೂ ದೂರ ಇದೆ ಅನ್ನಿಸುತ್ತದೆ. ಕಾರಿನ ಮುಂದಿನ ಗಾಜಿನ ಪಕ್ಕದ ಕಂಬ ಒಂದು ಬೈಕನ್ನು ಪೂರ್ತಿ ಮರೆಮಾಡಬಲ್ಲದು. ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಮತ್ತೆ ಬಲಕ್ಕೆ ತಿರುಗುವಷ್ಟರಲ್ಲಿ ಮೊದಲು ನೋಡಿದ ಚಿತ್ರ ಬದಲಾಗಿರುತ್ತದೆ. ಇಷ್ಟರ ಮೇಲೆ ಹಿಂದಿನವರು ಹಾರ್ನ್ ಹೊಡೆಯುತ್ತಿರುತ್ತಾರೆ.

ಕಾಯುವ ಹೊತ್ತಿನ ಲೆಕ್ಕ ಇನ್ನೂ ಕಠಿಣ. ಹೆದ್ದಾರಿಯ ಒಂದೊಂದು ದಿಕ್ಕಿನಲ್ಲಿ ಗಂಟೆಗೆ 720 ವಾಹನ ಬರುತ್ತವೆ ಅಂತಿಟ್ಟುಕೊಳ್ಳಿ. ಸರಾಸರಿ 5 ಸೆಕೆಂಡಿಗೆ ಒಂದು. ಅವು ಹೇಗೆಂದರೆ ಹಾಗೆ, ಯಾವ ಕ್ರಮವೂ ಇಲ್ಲದೆ ಬರುತ್ತವೆ ಎಂದುಕೊಂಡರೆ, ಮುಂದಿನ 8 ಸೆಕೆಂಡು ಒಂದು ದಿಕ್ಕು ಖಾಲಿ ಇರುವ ಸಾಧ್ಯತೆ ಸುಮಾರು ಐದರಲ್ಲಿ ಒಂದು. ಎರಡೂ ದಿಕ್ಕು ಒಟ್ಟಿಗೆ ಖಾಲಿ ಸಿಗುವ ಸಾಧ್ಯತೆ ಸುಮಾರು ಇಪ್ಪತ್ತೈದರಲ್ಲಿ ಒಂದು. ಪಕ್ಕದ ರಸ್ತೆಯಲ್ಲಿ ಸಾಲು ಬೆಳೆಯುವುದಕ್ಕೂ ಚಾಲಕ ಕಾದು ಕಾದು ಸಾಕಾಗಿ ನುಗ್ಗುವುದಕ್ಕೂ ಇದೇ ಕಾರಣ. ಅಪಘಾತ ಮತ್ತು ದಟ್ಟಣೆ ಬೇರೆ ಬೇರೆ ಸಮಸ್ಯೆ ಎಂದು ನಾವು ಬೇರೆ ಬೇರೆ ಕಡತದಲ್ಲಿ ಬರೆಯುತ್ತೇವೆ. ಜಂಕ್ಷನ್‌ನಲ್ಲಿ ನಿಂತು ನೋಡಿದರೆ ಎರಡಕ್ಕೂ ಬೇರು ಒಂದೇ.

ಈಗ ಬದಲಾವಣೆಗೆ ಬರುತ್ತೇನೆ. ವಾಹನಗಳು ರಸ್ತೆಯ ಎಡಬದಿಯಲ್ಲಿ ಓಡುತ್ತವೆ ಎಂದುಕೊಂಡೇ ಎಡ, ಬಲ ಬರೆಯುತ್ತಿದ್ದೇನೆ. ಪಕ್ಕದ ರಸ್ತೆಯವರು ನೇರ ದಾಟುವ ಜಾಗದಲ್ಲಿ ಮೀಡಿಯನ್ (ಎರಡು ದಿಕ್ಕುಗಳ ನಡುವಿನ ಡಿವೈಡರ್) ತೆರಪನ್ನು ಮುಚ್ಚಿಬಿಡಿ. ಅವರು ಎಡಕ್ಕೆ ತಿರುಗಿ ಹೆದ್ದಾರಿ ಸೇರಲಿ. ಮುಂದೆ ಒಂದಷ್ಟು ದೂರದಲ್ಲಿ ಮೀಡಿಯನ್ ಪಕ್ಕ ಯು-ಟರ್ನ್‌ಗೆಂದೇ ಒಂದು ಲೇನ್ ಇರಲಿ. ಅಲ್ಲಿ ತಿರುಗಿ ಬಂದು, ಎದುರಿನ ರಸ್ತೆಗೆ ಹೋಗುವವರು ಎಡಕ್ಕೆ ಇಳಿಯಲಿ. ಬಲಕ್ಕೆ ಹೋಗಬೇಕಾದವರು ಹಾಗೇ ನೇರ ಮುಂದುವರಿಯಲಿ. ಹೆದ್ದಾರಿಯಿಂದ ಬಲಕ್ಕೆ ಇಳಿಯುವವರಿಗೆ ಬೇಕಿದ್ದರೆ ಮೀಡಿಯನ್‌ನಲ್ಲಿ ಪ್ರತ್ಯೇಕ ತೆರಪು ಉಳಿಸಬಹುದು.

ಚಾಲಕನ ಕೆಲಸ ಎಷ್ಟು ಹಗುರಾಯಿತು ನೋಡಿ. ಮೊದಲ ಸಲ ಬಲಕ್ಕೆ ಮಾತ್ರ ನೋಡಿದರೆ ಸಾಕು. ಯು-ಟರ್ನ್‌ನಲ್ಲಿ ಎದುರಿಂದ ಬರುವ ಒಂದು ದಿಕ್ಕು ನೋಡಿದರೆ ಸಾಕು. ಎರಡೂ ಕಡೆ ಒಟ್ಟಿಗೆ ಖಾಲಿ ಸಿಗಲಿ ಎಂದು ಕಾಯುವ ಪ್ರಮೇಯವೇ ಇಲ್ಲ. ಅಮೆರಿಕದ ಮೇರಿಲ್ಯಾಂಡ್, ನಾರ್ತ್ ಕ್ಯಾರೊಲಿನಾ ರಾಜ್ಯಗಳು ಇದನ್ನು ಹೆದ್ದಾರಿಗಳಲ್ಲಿ ಅಳವಡಿಸಿಕೊಂಡಿವೆ. ಪಕ್ಕದ ರಸ್ತೆಗೆ ಮಾತ್ರ ಸ್ಟಾಪ್ ಬೋರ್ಡ್ ಇದ್ದ ಜಂಕ್ಷನ್‌ಗಳನ್ನು ಹೀಗೆ ಬದಲಿಸಿದಾಗ ಸಾವು ಮತ್ತು ಗಾಯದ ಅಪಘಾತಗಳು 54% ಇಳಿದವು ಎಂದು ಅಲ್ಲಿನ ಫೆಡರಲ್ ಹೈವೇ ಅಡ್ಮಿನಿಸ್ಟ್ರೇಷನ್ ಹೇಳುತ್ತದೆ. ಮಿಷಿಗನ್ ರಾಜ್ಯ 1960ರ ದಶಕದಿಂದಲೇ ಇದರ ಅಣ್ಣನಂಥ ಇನ್ನೊಂದು ವಿಧಾನವನ್ನು ಬಳಸುತ್ತಿದೆ. ಅಲ್ಲಿ ನೇರ ದಾಟಲು ಸಿಗ್ನಲ್ ಇರುತ್ತದೆ, ಎದುರಿನ ವಾಹನಗಳಿಗೆ ಅಡ್ಡ ಬರುವ ತಿರುವು ಮಾತ್ರ ಮೀಡಿಯನ್ ಯು-ಟರ್ನ್ ಮೂಲಕ.

'ಎದುರಿಗೇ ಇರುವ ರಸ್ತೆಗೆ ಹೋಗಲು ಅಷ್ಟು ದೂರ ಸುತ್ತಬೇಕಾ?' ಈ ಪ್ರಶ್ನೆ ಪ್ರತಿ ಸಭೆಯಲ್ಲೂ ಬರುತ್ತದೆ. ನ್ಯಾಯವಾದ ಪ್ರಶ್ನೆಯೇ. ಯು-ಟರ್ನ್ 300 ಮೀಟರ್ ದೂರ ಇದ್ದರೆ ಹೋಗಿ ಬರಲು 600 ಮೀಟರ್. ಸರಾಸರಿ 50 ಕಿ.ಮೀ. ವೇಗ ಹಿಡಿದರೆ ಸುಮಾರು 43 ಸೆಕೆಂಡು. ಅದಕ್ಕೆ ಯು-ಟರ್ನ್‌ನಲ್ಲಿ ಕಾಯುವ ಹೊತ್ತು ಸೇರಿಸಿ. ಬೆಳಗಿನ ಜಾವ ರಸ್ತೆ ಖಾಲಿ ಇದ್ದಾಗ ಇದು ನಿಜಕ್ಕೂ ಹೆಚ್ಚಿನ ಹೊತ್ತು. ಅದನ್ನು ಮುಚ್ಚಿಡಬಾರದು. ದಟ್ಟಣೆಯ ಹೊತ್ತಿನಲ್ಲಿ ಎರಡೂ ದಿಕ್ಕು ಖಾಲಿಯಾಗಲಿ ಎಂದು ಕಾಯುವುದಕ್ಕಿಂತ ಇದು ಬೇಗ ಆಗುತ್ತದೆ. ಅದನ್ನೂ ಹೇಳಬೇಕು.

ಆದರೆ ಮೀಡಿಯನ್ ಮುಚ್ಚಿ ಕೈತೊಳೆದುಕೊಂಡರೆ ಆಗುವುದು ಅನಾಹುತ. ಯು-ಟರ್ನ್ ಒಂದೂವರೆ, ಎರಡು ಕಿ.ಮೀ. ದೂರ ಇಟ್ಟರೆ ಬೈಕಿನವರು ರಾಂಗ್ ಸೈಡಿನಲ್ಲಿ ಬರಲು ಶುರು ಮಾಡುತ್ತಾರೆ. ಆಗ ಪಕ್ಕದ ಹೊಡೆತ ತಪ್ಪಿಸಲು ಹೋಗಿ ಮುಖಾಮುಖಿ ಹೊಡೆತ ತಂದುಕೊಂಡ ಹಾಗೆ. ತೀರಾ ಹತ್ತಿರ ಇಟ್ಟರೆ ಎಡ ಅಂಚಿನಿಂದ ಮೀಡಿಯನ್ ಪಕ್ಕದ ಲೇನ್‌ಗೆ ದಾಟಿಕೊಳ್ಳಲು ಜಾಗ ಸಾಲದು. ವಾಹನಗಳು ಅಡ್ಡಡ್ಡ ನುಗ್ಗುತ್ತವೆ. ಈ ದೂರ ನಿರ್ಧರಿಸುವುದೇ ಇಡೀ ವಿನ್ಯಾಸದ ಜೀವಾಳ. ಸುಮ್ನೆ ಯಾವುದೋ ಮಾದರಿ ನಕಾಶೆಯಿಂದ ನಕಲು ಮಾಡುವ ವಿಷಯ ಅಲ್ಲ. ಅಲ್ಲಿನ ವೇಗ, ಲೇನ್, ಯಾವ ವಾಹನ ಎಷ್ಟು ಎಂಬುದನ್ನು ಎಣಿಸಿಯೇ ಮಾಡಬೇಕು.

ಯು-ಟರ್ನ್‌ಗೆ ಕಾಯುವ ವಾಹನ ಹೆದ್ದಾರಿಯ ಲೇನ್‌ನಲ್ಲೇ ನಿಲ್ಲಬಾರದು. ಅದಕ್ಕೆ ಬೇರೆ ಲೇನ್ ಬೇಕು. ವೇಗ ಇಳಿಸಲು ಬೇಕಾದಷ್ಟು ಮತ್ತು ಸಾಲು ನಿಲ್ಲಲು ಬೇಕಾದಷ್ಟು ಉದ್ದ ಇರಬೇಕು. ಉದ್ದದ ಲಾರಿ ಒಂದೇ ಸಲಕ್ಕೆ ತಿರುಗುವುದಿಲ್ಲ. ಮೀಡಿಯನ್ ಕಿರಿದಾಗಿದ್ದರೆ ಎದುರು ಬದಿಯ ರಸ್ತೆಯಂಚನ್ನು ಅರ್ಧಚಂದ್ರದ ಹಾಗೆ ಅಗಲ ಮಾಡಿ ಡಾಂಬರು ಹಾಕಬೇಕು. ಇಲ್ಲವಾದರೆ ಲಾರಿ ಹಿಂದೆ ಮುಂದೆ ಮಾಡುತ್ತಾ ಇಡೀ ರಸ್ತೆಗೆ ಅಡ್ಡ ನಿಲ್ಲುತ್ತದೆ. ನಡೆದು ದಾಟುವವರನ್ನು ಯು-ಟರ್ನ್‌ವರೆಗೆ ಕಳಿಸಲು ಆಗುತ್ತದಾ? ಅವರಿಗೆ ಜಂಕ್ಷನ್‌ನಲ್ಲೇ ಮೀಡಿಯನ್ ಮೂಲಕ ದಾರಿ ಬೇಕು. ಒಂದು ಬದಿ ದಾಟಿ, ನಡುವೆ ನಿಂತು, ಆಮೇಲೆ ಇನ್ನೊಂದು ಬದಿ. ವೇಗ ಮತ್ತು ವಾಹನ ಜಾಸ್ತಿ ಇದ್ದರೆ ಅವರಿಗೆ ಸಿಗ್ನಲ್ ಅಥವಾ ಅಂಡರ್‌ಪಾಸ್ ಬೇಕೇ ಬೇಕು. ನಕಾಶೆಯಲ್ಲಿ ಮೊದಲು ಮರೆತುಹೋಗುವುದು ಇವರನ್ನೇ ಎಂಬುದು ನನಗೆ ತುಂಬ ನೋವಿನ ಸಂಗತಿ.

ಸಿಗ್ನಲ್ ವಿಷಯಕ್ಕೆ ಬರೋಣ. ನಾಲ್ಕು ದಿಕ್ಕಿಗೂ ಬೇರೆ ಬೇರೆ ಸರದಿ ಕೊಟ್ಟ ಸಿಗ್ನಲ್‌ನಲ್ಲಿ ಪ್ರತಿ ಸರದಿ ಬದಲಾಗುವಾಗ ಸುಮಾರು 4 ಸೆಕೆಂಡು ಯಾರಿಗೂ ಉಪಯೋಗಕ್ಕೆ ಬರದೆ ಹೋಗುತ್ತದೆ. ಹೊರಡುವಾಗಿನ ತಡ, ಜಂಕ್ಷನ್ ಖಾಲಿಯಾಗಲು ಬಿಡುವ ಹೊತ್ತು ಎರಡೂ ಅದರಲ್ಲಿ ಸೇರಿವೆ. ನಾಲ್ಕು ಸರದಿಗೆ 16 ಸೆಕೆಂಡು ಪೋಲು. ಅದಕ್ಕಿಂತ ದೊಡ್ಡ ನಷ್ಟ ಎಂದರೆ ಒಂದು ದಿಕ್ಕು ಓಡುವಾಗ ಮೂರು ದಿಕ್ಕು ಸುಮ್ಮನೆ ನಿಂತಿರುತ್ತವೆ. ಅಡ್ಡ ದಾಟುವಿಕೆ ತೆಗೆದ ಜಂಕ್ಷನ್‌ಗೆ ಸಿಗ್ನಲ್ ಬೇಕಾದರೂ ಎರಡೇ ಸರದಿ ಸಾಕು. ಇನ್ನೊಂದು ಲಾಭ ಇದೆ. ಹೆದ್ದಾರಿಯ ಎರಡು ದಿಕ್ಕುಗಳ ಸಿಗ್ನಲ್‌ಗಳು ಒಂದಕ್ಕೊಂದು ಕಟ್ಟುಬಿದ್ದಿರುವುದಿಲ್ಲ. ಹಾಗಾಗಿ ಸಾಲು ಸಿಗ್ನಲ್‌ಗಳಲ್ಲಿ ಹಸಿರು ಸಿಕ್ಕುತ್ತಾ ಹೋಗುವಂತೆ ಎರಡೂ ದಿಕ್ಕಿಗೆ ಬೇರೆ ಬೇರೆಯಾಗಿ ಹೊಂದಿಸಬಹುದು. ಮಾಮೂಲಿ ಜಂಕ್ಷನ್‌ಗಳ ಸಾಲಿನಲ್ಲಿ ಒಂದು ದಿಕ್ಕಿಗೆ ಅನುಕೂಲ ಮಾಡಿದರೆ ಇನ್ನೊಂದು ಕೆಡುತ್ತದೆ.

ವೇಗದ ಹೆದ್ದಾರಿಗೆ ಮೊದಲ ಸಿಗ್ನಲ್ ಹಾಕಿದಾಗ ಅಡ್ಡ ಹೊಡೆತ ಕಡಿಮೆಯಾಗಿ ಹಿಂದಿನಿಂದ ಗುದ್ದುವುದು ಹೆಚ್ಚುವುದುಂಟು. 100 ಕಿ.ಮೀ. ವೇಗಕ್ಕೆ ಹಳದಿ ದೀಪ ಐದೂವರೆ ಸೆಕೆಂಡಾದರೂ ಇರಬೇಕು. ಮೂರು ಸೆಕೆಂಡಿನ ಹಳದಿ ಹಾಕಿಟ್ಟು ಚಾಲಕನನ್ನು ಬೈಯುವುದು ಸರಿಯಲ್ಲ.

ನಡುವಿನ ಕಟ್ಟೆಯನ್ನು ಸುತ್ತಿಕೊಂಡು ಹೋಗುವ ಸರ್ಕಲ್ ಕೂಡ ಅಡ್ಡ ದಾಟುವಿಕೆಯನ್ನೇ ತೆಗೆಯುತ್ತದೆ. ಒಂದು ಲೇನ್‌ನ ಸರಿಯಾದ ಸರ್ಕಲ್‌ನಲ್ಲಿ ದಾರಿಗಳು ತಾಗುವುದು 32 ಕಡೆಯಲ್ಲ, 8 ಕಡೆ. ಕತ್ತರಿಸುವುದು ಒಂದೂ ಇಲ್ಲ. ಆದರೆ ಸರಿಯಾದ ಸರ್ಕಲ್ ಎಂದರೆ ನಡುವೆ ಒಂದು ದೊಡ್ಡ ಗುಂಡು ಕಟ್ಟೆ ಅಲ್ಲ. ಒಳಬರುವ ದಾರಿ ಬಾಗಿರಬೇಕು, ವಾಹನ ತಾನಾಗಿಯೇ 30, 40 ಕಿ.ಮೀ.ಗೆ ಇಳಿಯಬೇಕು. ಸರ್ಕಲ್ ಒಳಗಿರುವವರಿಗೆ ಹೊರಗಿನಿಂದ ಬರುವವರು ದಾರಿ ಬಿಡಬೇಕು. ಬ್ರಿಟನ್ 1966ರಲ್ಲಿ ಈ ನಿಯಮ ತರುವವರೆಗೆ ಅಲ್ಲಿನ ಸರ್ಕಲ್‌ಗಳು ದಟ್ಟಣೆಯಲ್ಲಿ ಸಿಕ್ಕಿಹಾಕಿಕೊಂಡು ನಿಂತುಬಿಡುತ್ತಿದ್ದವು. ಎರಡೂ ರಸ್ತೆಗಳಲ್ಲಿ ವಾಹನ ಹೆಚ್ಚುಕಡಿಮೆ ಸಮ ಇದ್ದಾಗ ಸರ್ಕಲ್ ಚೆನ್ನಾಗಿ ಕೆಲಸ ಮಾಡುತ್ತದೆ. ಹೆದ್ದಾರಿ ತುಂಬಿ ಹರಿಯುತ್ತಿದ್ದು ಪಕ್ಕದ ರಸ್ತೆ ಸಣ್ಣದಾಗಿದ್ದರೆ ಯು-ಟರ್ನ್ ವಿನ್ಯಾಸವೇ ಮೇಲು.

ಫ್ಲೈಓವರ್ ಬೇಡ ಎನ್ನುವವನು ನಾನಲ್ಲ. ಎರಡು ದೊಡ್ಡ ಹೆದ್ದಾರಿಗಳು ಸೇರುವಲ್ಲಿ ಬೇರೆ ದಾರಿಯಿಲ್ಲ. ಆದರೆ ಫ್ಲೈಓವರ್ ಇಳಿಯುವ ಜಾಗದಲ್ಲೂ ಜಂಕ್ಷನ್ ಇರುತ್ತದೆ ಅಲ್ವಾ? ಅದನ್ನು ಹಳೆಯ ರೀತಿಯಲ್ಲೇ ಬಿಟ್ಟರೆ ಸಾಲು ಅಲ್ಲಿಗೆ ಸರಿಯುತ್ತದೆ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 2009ರಲ್ಲಿ ಇದಕ್ಕೊಂದು ಒಳ್ಳೆಯ ಉಪಾಯ ಮಾಡಿದರು. ಸೇತುವೆಯ ಮೇಲಿನ ಸಂಚಾರವನ್ನು ಸ್ವಲ್ಪ ದೂರ ಎದುರು ಬದಿಗೆ ದಾಟಿಸಿ, ಹೆದ್ದಾರಿಗೆ ಇಳಿಯುವ ತಿರುವಿಗೆ ಯಾರೂ ಅಡ್ಡ ಬರದಂತೆ ಮಾಡಿದರು. ಫ್ರಾನ್ಸಿನ ವರ್ಸೈಲ್ಸ್‌ನಲ್ಲಿ 1970ರ ದಶಕದಿಂದಲೇ ಅಂಥದ್ದು ಇದೆ.

ಬದಲಾವಣೆ ಫಲ ಕೊಟ್ಟಿತೇ ಎಂದು ಅಳೆಯುವಾಗ ಒಂದು ಎಚ್ಚರ ಬೇಕು. ಅಪಘಾತ ತುಂಬ ಹೆಚ್ಚಾದ ವರ್ಷ ನೋಡಿ ನಾವು ಕೆಲಸಕ್ಕೆ ಇಳಿಯುತ್ತೇವೆ. ಮುಂದಿನ ವರ್ಷ ಏನೂ ಮಾಡದಿದ್ದರೂ ಸಂಖ್ಯೆ ಸ್ವಲ್ಪ ಇಳಿಯಬಹುದು. ಅದನ್ನೇ ಗೆಲುವು ಎಂದು ಬರೆದುಕೊಂಡರೆ ತಪ್ಪು ಪಾಠ ಕಲಿತ ಹಾಗೆ. ಮೊದಲಿನ ಮೂರರಿಂದ ಐದು ವರ್ಷ, ಆಮೇಲಿನ ಅಷ್ಟೇ ವರ್ಷ, ಜೊತೆಗೆ ಬದಲಾಯಿಸದ ಇಂಥದ್ದೇ ಬೇರೆ ಜಂಕ್ಷನ್‌ಗಳು, ಇಷ್ಟನ್ನೂ ಇಟ್ಟು ಹೋಲಿಸಬೇಕು. ಅಲ್ಲಿಯವರೆಗೆ ಕಾಯುತ್ತಾ ಕೂರಬೇಕಿಲ್ಲ. ಕ್ಯಾಮೆರಾ ಇಟ್ಟು ಕೂದಲೆಳೆಯಲ್ಲಿ ತಪ್ಪಿದ ಡಿಕ್ಕಿಗಳನ್ನು ಎಣಿಸಿದರೆ ಕೆಲವೇ ವಾರಗಳಲ್ಲಿ ದಿಕ್ಕು ಗೊತ್ತಾಗುತ್ತದೆ.

ಕಾಂಕ್ರೀಟ್ ಹಾಕುವ ಮೊದಲು ಸಾಧ್ಯವಿದ್ದ ಕಡೆ ತಾತ್ಕಾಲಿಕ ಬ್ಯಾರಿಯರ್ ಇಟ್ಟು ಹೊಸ ದಾರಿಯನ್ನು ಓಡಿಸಿ ನೋಡಿ. ಬೋರ್ಡು ಜಂಕ್ಷನ್‌ಗಿಂತ ಸಾಕಷ್ಟು ಮೊದಲೇ ಇರಲಿ, ಮತ್ತೆ ಯು-ಟರ್ನ್ ಹತ್ತಿರವೂ ಇರಲಿ. ರಾತ್ರಿ ಮಳೆಯಲ್ಲಿ ಒಮ್ಮೆ ಲೋಡ್ ಆದ ಲಾರಿಯಲ್ಲಿ ಕೂತು ಆ ತಿರುವು ತೆಗೆದುಕೊಳ್ಳಿ, ಇನ್ನೊಮ್ಮೆ ನಡೆದು ಹೆದ್ದಾರಿ ದಾಟಿ. ಲಾರಿ ಚಾಲಕರು, ಬಸ್ ಚಾಲಕರು, ದಿನಾ ಅಲ್ಲಿ ದಾಟುವ ಶಾಲೆ ಮಕ್ಕಳ ಮನೆಯವರು ಏನು ಹೇಳುತ್ತಾರೋ ಬರೆದುಕೊಂಡು ಬನ್ನಿ. ನಕಾಶೆಗೆ ಸಹಿ ಆಮೇಲೆ ಬೀಳಲಿ.