ಕ್ಲೆಮೆಂಟೆ ತಾವೇ ಯಾಕೆ ಆ ವಿಮಾನ ಹತ್ತಿದರು?

ಪ್ರಶ್ನೆ: ಬೇಸ್‌ಬಾಲ್ ಆಟಗಾರ ರಾಬರ್ಟೋ ಕ್ಲೆಮೆಂಟೆ ಪರಿಹಾರ ಸಾಮಗ್ರಿ ಒಯ್ಯುವಾಗ ವಿಮಾನ ಬಿದ್ದು ತೀರಿಕೊಂಡರಂತೆ. ಅಷ್ಟು ದೊಡ್ಡ ಆಟಗಾರ ಸಾಮಾನಿನ ಜೊತೆ ಹೋಗುವ ಅಗತ್ಯವೇನಿತ್ತು?

ಉತ್ತರ: ಕಳಿಸಿದ ಸಾಮಾನು ಸಂತ್ರಸ್ತರ ಕೈ ಸೇರುತ್ತಿಲ್ಲ ಎಂಬ ಸುದ್ದಿ ಬಂದಿತ್ತು, ಅದಕ್ಕೆ. 1972ರ ಡಿಸೆಂಬರ್ 23ರ ಭೂಕಂಪಕ್ಕೆ ನಿಕರಾಗುವಾದ ರಾಜಧಾನಿ ಮನಾಗುವಾ ನೆಲಕಚ್ಚಿತು. ಕೆಲವೇ ವಾರಗಳ ಹಿಂದೆ ಕ್ಲೆಮೆಂಟೆ ತಮ್ಮ ಊರಾದ, ಅಮೆರಿಕದ ಅಧೀನದಲ್ಲಿರುವ ಪೋರ್ಟೊರಿಕೊ ದ್ವೀಪದ ಹವ್ಯಾಸಿ ತಂಡದ ಮ್ಯಾನೇಜರ್ ಆಗಿ ನಿಕರಾಗುವಾದಲ್ಲಿದ್ದರು. ಊರಿಗೆ ಮರಳಿದ್ದವರು ಆಹಾರ, ಬಟ್ಟೆ, ಔಷಧಿ ಕೂಡಿಸಿ ವಿಮಾನದಲ್ಲಿ ಕಳಿಸತೊಡಗಿದರು. ಅಲ್ಲಿ ಸರ್ವಾಧಿಕಾರಿ ಸೊಮೋಸಾನ ಕಡೆಯವರು ಅದನ್ನು ಹೊಡೆದುಕೊಳ್ಳುತ್ತಿದ್ದಾರೆಂದು ತಿಳಿಯಿತು. ತಾನೇ ಎದುರು ನಿಂತರೆ ಯಾರೂ ಕೈಹಾಕಲಾರರು ಎಂಬುದು ಕ್ಲೆಮೆಂಟೆ ಲೆಕ್ಕ.

ಆ ಲೆಕ್ಕ ಸರಿಯಾಗಿಯೇ ಇತ್ತು. ಎಡವಟ್ಟಾಗಿದ್ದು ವಿಮಾನದಲ್ಲಿ. ಅದು ಹಳೇ ಡಿಸಿ-7 ಸರಕು ವಿಮಾನ. ಡಿಸೆಂಬರ್ 2ರಂದೇ ನೆಲದ ಮೇಲೆ ಓಡುತ್ತಾ ಚರಂಡಿಗಿಳಿದು ಜಖಂಗೊಂಡಿತ್ತು. 31ರ ರಾತ್ರಿ ಅದಕ್ಕೆ ಮಿತಿಗಿಂತ ಸುಮಾರು 1,900 ಕಿಲೋ ಹೆಚ್ಚು ಹೇರಲಾಗಿತ್ತು. ನಾಲ್ಕು ಪಿಸ್ಟನ್ ಎಂಜಿನ್‌ಗಳ ಮೇಲೆ ಕಣ್ಣಿಡಬೇಕಾದ ಫ್ಲೈಟ್ ಎಂಜಿನಿಯರ್ ಜಾಗದಲ್ಲಿ ಪರವಾನಗಿ ಪಡೆದವರು ಇರಲಿಲ್ಲ. ಭಾರ ಮಿತಿಯೊಳಗಿದ್ದರೆ ಒಂದು ಎಂಜಿನ್ ಕೈಕೊಟ್ಟರೂ ಉಳಿದವುಗಳ ಬಲದಲ್ಲಿ ತಿರುಗಿ ಇಳಿಯಬಹುದು. ಭಾರ ಮೀರಿದರೆ ಎತ್ತರಕ್ಕೇರುವುದೇ ಕಷ್ಟ. ಪೋರ್ಟೊರಿಕೊದ ರಾಜಧಾನಿ ಸಾನ್ ಹುವಾನ್‌ನಿಂದ ಮೇಲೆದ್ದ ಕೆಲವೇ ನಿಮಿಷಗಳಲ್ಲಿ ವಿಮಾನ ಸಮುದ್ರಕ್ಕೆ ಬಿತ್ತು. ಅದರಲ್ಲಿದ್ದ ಐವರೂ ಹೋದರು. ಕ್ಲೆಮೆಂಟೆ ದೇಹ ಸಿಗಲೇ ಇಲ್ಲ. ಹುಡುಕಲು ನೀರಿಗಿಳಿದವರಲ್ಲಿ ಕ್ಲೆಮೆಂಟೆ ಆಡುತ್ತಿದ್ದ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಕ್ಯಾಚರ್ (ವಿಕೆಟ್ ಕೀಪರ್‌ನಂತೆ ಬ್ಯಾಟರ್ ಹಿಂದೆ ಚೆಂಡು ಹಿಡಿಯುವವ), ಗೆಳೆಯ ಮ್ಯಾನಿ ಸಾಂಗಿಯೆನ್ ಕೂಡ ಇದ್ದರು. ಇಂಥ ವಿಮಾನವನ್ನು ಅಧಿಕಾರಿಗಳು ತಡೆಯಬೇಕಿತ್ತೆಂದು ಸತ್ತವರ ಕಡೆಯವರು ಅಮೆರಿಕ ಸರ್ಕಾರದ ವಿರುದ್ಧ ಹೂಡಿದ ಮೊಕದ್ದಮೆ ಕೆಳಗಿನ ಕೋರ್ಟಿನಲ್ಲಿ ಗೆದ್ದು, 1977ರಲ್ಲಿ ಮೇಲ್ಮನವಿಯಲ್ಲಿ ಬಿದ್ದುಹೋಯಿತು.

ಮೇಜರ್ ಲೀಗ್‌ನಲ್ಲಿ, ಅಂದರೆ ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಲೀಗ್‌ನಲ್ಲಿ, ಕ್ಲೆಮೆಂಟೆ ಹೆಸರಿನಲ್ಲಿರುವ ಹಿಟ್‌ಗಳು ಸರಿಯಾಗಿ 3,000. ಕ್ರಿಕೆಟ್ ನೋಡುವವರು ಇದನ್ನು ರನ್ ಅಂದುಕೊಳ್ಳಬಾರದು: ಚೆಂಡು ಬಾರಿಸಿ, ಎದುರಾಳಿಯ ತಪ್ಪಿನ ನೆರವಿಲ್ಲದೆ, ಓಡಿ ಮುಟ್ಟಬೇಕಾದ ಬೇಸ್‌ಗಳಲ್ಲಿ ಕನಿಷ್ಠ ಮೊದಲನೆಯದನ್ನು ಮುಟ್ಟಿದರೆ ಒಂದು ಹಿಟ್. ಕೊನೆಯದು 1972ರ ಸೆಪ್ಟೆಂಬರ್ 30ರಂದು, ನ್ಯೂಯಾರ್ಕ್ ಮೆಟ್ಸ್ ವಿರುದ್ಧ. ಶ್ರೇಷ್ಠ ಆಟಗಾರರನ್ನು ಗೌರವಿಸುವ ಬೇಸ್‌ಬಾಲ್ ಹಾಲ್ ಆಫ್ ಫೇಮ್, ಆಟ ಬಿಟ್ಟ ಮೇಲೆ ಐದು ವರ್ಷ ಕಾಯುವ ತನ್ನ ನಿಯಮ ಸಡಿಲಿಸಿ 1973ರಲ್ಲೇ ಅವರನ್ನು ಸೇರಿಸಿಕೊಂಡಿತು. 424ರಲ್ಲಿ 393 ಮತ.

ಅದೇ ವರ್ಷದಿಂದ ಸಮಾಜಸೇವೆಗೆ ಕೊಡುವ ಮೇಜರ್ ಲೀಗ್ ಪ್ರಶಸ್ತಿಗೆ ಅವರ ಹೆಸರಿದೆ. 30 ತಂಡಗಳೂ ತಲಾ ಒಬ್ಬ ಆಟಗಾರನನ್ನು ಸೂಚಿಸುತ್ತವೆ. ಸೆಪ್ಟೆಂಬರ್ 15ರ ಕ್ಲೆಮೆಂಟೆ ದಿನದಂದು ಪೈರೇಟ್ಸ್ ಆಟಗಾರರೆಲ್ಲರ ಬೆನ್ನ ಮೇಲೂ ಅವರದೇ ಜೆರ್ಸಿ ಸಂಖ್ಯೆ 21.