ಕಕ್ಕಡದ ಪಾಯಸ, ಟ್ರಯಲ್ ಮಾತ್ರೆ

"ಬೇರೆ ಏನಾದರೂ ಮದ್ದು ತಗೊಂಡ್ರಾ ಅಜ್ಜ?" ಎಂದು, ಕ್ಲಿನಿಕಲ್ ಟ್ರಯಲ್‌ಗೆ (ಹೊಸ ಔಷಧವನ್ನು ಜನರಲ್ಲಿ ಪರೀಕ್ಷಿಸುವ ಪ್ರಯೋಗಕ್ಕೆ) ಮದ್ದು ಕೊಡುವ ನಮ್ಮ ಫಾರ್ಮಸಿಯ ಹುಡುಗಿ ಕೇಳಿದಳು. ನಾಪೋಕ್ಲು ಕಡೆಯಿಂದ ಬಂದಿದ್ದ ಆ ಹಿರಿಯರು "ಇಲ್ಲಮ್ಮ" ಎಂದರು. ಸ್ವಲ್ಪ ಹೊತ್ತು ಬಿಟ್ಟು, ಮೂತ್ರ ಕೆಂಪಾಗಿದೆ ಎಂದು ಮೆಲ್ಲಗೆ ಹೇಳಿದರು. ಅವತ್ತು ಆಗಸ್ಟ್ 4. ಹಿಂದಿನ ದಿನ ಕೊಡವರ ಕಕ್ಕಡ ತಿಂಗಳ 18, ಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ.

ಆ ಸೊಪ್ಪು ತಿಂದರೆ ಮೂತ್ರಕ್ಕೆ ಬಣ್ಣ ಬರುತ್ತದೆಂದು ಕೊಡಗಿನವರಿಗೆಲ್ಲ ಗೊತ್ತು. ಹಾಗಂತ "ಪಾಯಸದ್ದೇ ಬಿಡಿ" ಎಂದು ಕಳಿಸುವ ಅಧಿಕಾರ ನಮಗಿಲ್ಲ. ತಿಂದದ್ದು, ಕಂಡದ್ದು ಎರಡನ್ನೂ ಬರೆದುಕೊಂಡು ಟ್ರಯಲ್ ನೋಡಿಕೊಳ್ಳುವ ಡಾಕ್ಟರ ಬಳಿ ಕರೆದುಕೊಂಡು ಹೋದೆವು. ರಕ್ತವೋ ಬಣ್ಣವೋ ಎಂದು ಮೂತ್ರ ಪರೀಕ್ಷೆಯೇ ಹೇಳಬೇಕು. ಈಗ ನಾವು ಬರೀ "ಮದ್ದು" ಎಂದು ಕೇಳುವುದಿಲ್ಲ. ಪಾಯಸ, ಕಷಾಯ, ಅಂಗಡಿಯ ನೋವಿನ ಮಾತ್ರೆ ಎಂದು ಒಂದೊಂದನ್ನೂ ಹೆಸರು ಹಿಡಿದು ಕೇಳುತ್ತೇವೆ.

ಕ್ಲಿನಿಕಲ್ ಟ್ರಯಲ್ ಎಂದರೆ ಜನರ ಕಣ್ಣ ಮುಂದೆ ಬರುವುದು ಡಾಕ್ಟರು. ನಮ್ಮ ದೇಶದಲ್ಲಿ ಹೊಸ ಔಷಧದ ಪ್ರಯೋಗಗಳು 2019ರ ನಿಯಮಗಳಂತೆ ನಡೆಯಬೇಕು, ಭಾಗವಹಿಸುವವರ ಹಿತ ನೋಡುವ ಎಥಿಕ್ಸ್ ಕಮಿಟಿ ಒಪ್ಪಬೇಕು. ಅದಾದ ಮೇಲಿನ ದಿನನಿತ್ಯದ ಲೆಕ್ಕವೆಲ್ಲ ಫಾರ್ಮಸಿಯದು. ಯಾವ ಬ್ಯಾಚ್ ಬಂತು, ಯಾರಿಗೆ ಹೋಯಿತು, ಎಷ್ಟು ವಾಪಸ್ ಬಂತು ಎಂಬುದಕ್ಕೆ ಒಂದೊಂದು ಮಾತ್ರೆಗೂ ದಾಖಲೆ ಇರಬೇಕು. 60 ಮಾತ್ರೆ ಕೊಟ್ಟು, ದಿನಕ್ಕೆರಡರಂತೆ 28 ದಿನ ಕಳೆದರೆ 4 ಉಳಿಯಬೇಕು. ಒಬ್ಬ ಅಕ್ಕ 11 ತಂದರು. ಕಾಫಿ ಕುಯ್ಲಿನ ಕಾಲ, ತೋಟದ ಕೆಲಸಗಾರರ ಲೈನ್ ಮನೆಯಿಂದ ಬೆಳಗ್ಗೆ ಬೇಗ ತೋಟಕ್ಕೆ ಹೊರಡುವ ಆತುರದಲ್ಲಿ ಮರೆತಿದ್ದರು. ಗದರಿದ್ದರೆ ಮುಂದಿನ ಸಲ ಉಳಿದ ಏಳನ್ನು ಒಲೆಗೆ ಹಾಕಿ ಲೆಕ್ಕ ಸರಿ ಮಾಡಿಕೊಂಡು ಬರುತ್ತಿದ್ದರು. ನುಂಗದ ಮಾತ್ರೆ ನುಂಗಿದ್ದೆಂದು ದಾಖಲಾದರೆ, ಚೆನ್ನಾಗಿ ಕೆಲಸ ಮಾಡುವ ಮದ್ದೂ ಸಪ್ಪೆಯಾಗಿ ಕಾಣುತ್ತದೆ.

ಸಿಬ್ಬಂದಿಯ ವಿಷಯವೂ ಹಾಗೆಯೇ. ಹಿಂದೆ ನಾನಿದ್ದ ಒಂದು ಕಡೆ ಫ್ರಿಜ್ಜಿನ ಪುಸ್ತಕದಲ್ಲಿ ತಿಂಗಳಿಡೀ 4 ಡಿಗ್ರಿ ಎಂದೇ ಬರೆದಿತ್ತು. ದಿನಕ್ಕೆ ಹತ್ತು ಸಲ ಬಾಗಿಲು ತೆಗೆಯುವ ಫ್ರಿಜ್ ಹಾಗಿರಲು ಸಾಧ್ಯವೇ ಇಲ್ಲ. ಏರುಪೇರು ಬರೆದವರಿಗೆ ಅಲ್ಲಿ ಬೈಗುಳ ಸಿಗುತ್ತಿತ್ತು. ತಂಡ ನನ್ನ ಕೈಗೆ ಬಂದ ದಿನವೇ ಹೇಳಿದೆ: ತಪ್ಪು ತಿಳಿಸಿದವರಿಗೆ ನನ್ನಿಂದ ಒಂದು ಮಾತೂ ಬರುವುದಿಲ್ಲ.

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಯಿತು, ಜನರೇಟರೂ ಕೈಕೊಟ್ಟಿತು. ಬೆಳಗ್ಗೆ ಆರೂವರೆಗೆ ನಮ್ಮ ಫಾರ್ಮಸಿಯ ಹುಡುಗನ ಫೋನ್: "ಮೇಡಂ, ಎಂಟು ದಾಟಿದೆ." 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ಇಂಜೆಕ್ಷನ್. ಫ್ರಿಜ್ಜಿನ ತಾಪಮಾನ ತಾನೇ ದಾಖಲಿಸುವ ಲಾಗರ್ ತೆಗೆದು ನೋಡಿದರೆ 2 ಗಂಟೆ 40 ನಿಮಿಷ ಮಿತಿ ಮೀರಿತ್ತು, 11.2ರವರೆಗೂ ಹೋಗಿತ್ತು. ಇಂಜೆಕ್ಷನ್ ಸೀಸೆಗಳನ್ನು ಬೇರೆ ಫ್ರಿಜ್ಜಿಗೆ ಸಾಗಿಸಿ, "ಬಳಸಬಾರದು" ಎಂದು ಚೀಟಿ ಅಂಟಿಸಿ, ಟ್ರಯಲ್‌ನ ಪ್ರಾಯೋಜಕ ಕಂಪನಿಗೆ ಬರೆದೆವು.

ಅಷ್ಟರಲ್ಲಿ ಭಾಗಮಂಡಲದ ಮೊದಲ ಬಸ್ಸಿಗೆ ಒಬ್ಬರು ಇಂಜೆಕ್ಷನ್‌ಗೆ ಬಂದರು. ಕೊಡೆಯಿಂದ ನೀರು ಸುರಿಯುತ್ತಿತ್ತು. ನಡೆದದ್ದನ್ನು ಮುಚ್ಚಿಡದೆ ಹೇಳಿದೆ. "ಈ ಮಳೇಲಿ ಬಂದಿದ್ದೀನಲ್ಲ ಮೇಡಂ, ಹಾಕಿಬಿಡಿ" ಎಂದರು. ನನಗೂ ಸಂಕಟವಾಯಿತು. ಆದರೆ ಕೆಟ್ಟಿರಬಹುದಾದ ಮದ್ದನ್ನು ಅವರ ಮೈಗೆ ಹೇಗೆ ಸೇರಿಸಲಿ? ಟ್ರಯಲ್ ಹೇಗೆ ನಡೆಯಬೇಕೆಂದು ಬರೆದಿಟ್ಟ ಪ್ರೋಟೋಕಾಲ್‌ನಲ್ಲಿ ಆ ಇಂಜೆಕ್ಷನ್‌ಗೆ ಇನ್ನೂ ಮೂರು ದಿನದ ಅವಕಾಶವಿತ್ತು. ಡಾಕ್ಟರು ದಿನ ಮುಂದೆ ಹಾಕಿದರು, ಎರಡೂ ಸಲದ ಬಸ್ ಚಾರ್ಜನ್ನು ಟ್ರಯಲ್ ಲೆಕ್ಕದಿಂದ ಕೊಡಿಸಿದೆವು. ಬಳಸಬಹುದು ಎಂಬ ಲಿಖಿತ ಉತ್ತರ ಕಂಪನಿಯಿಂದ ಮರುದಿನ ಸಂಜೆ ಬಂತು. ಮತ್ತೆ ಹಾಗಾದರೂ ನಾನು ತಡೆದೇ ಇಡುತ್ತೇನೆ.

ಎರಡು ದಿನ ಬಿಟ್ಟು ಅವರು ಅದೇ ಬಸ್ಸಿಗೆ ಬಂದರು. ಕೂರುವ ಮೊದಲೇ "ಇವತ್ತು ಫ್ರಿಜ್ ಸರಿ ಇದೆಯಾ?" ಎಂದು ಕೇಳಿದರು. ಹುಡುಗ ಅವರನ್ನು ಒಳಗೆ ಕರೆದು ಲಾಗರ್ ತೋರಿಸಿದ. 4.6 ಇತ್ತು.