ಜೀನ್ ವೈವಿಧ್ಯ, ಸಮೂಹ ರಚನೆ: ಬಾಂಗಡೆಯೆಲ್ಲ ಒಂದೇ ಬಳಗವೇ?

ಬೆಳಗಾವಿಗೆ ಬಾಂಗಡೆ ಬರುವುದು ಗೋವಾ, ಕಾರವಾರ, ಮಾಲವಣದ ಕಡೆಯಿಂದ. ಐಸ್ ತುಂಬಿದ ಪೆಟ್ಟಿಗೆಯಲ್ಲಿ ಘಟ್ಟ ಹತ್ತಿ ಬಂದ ಮೀನೆಲ್ಲ ನೋಡಲು ಒಂದೇ ಥರ. ಅವು ಒಂದೇ ಬಳಗದವೋ, ಬೇರೆ ಬೇರೆಯವೋ ಅಂತ ತಿಳಿಯಬೇಕಾದರೆ ಡಿಎನ್‌ಎ ನೋಡಬೇಕು. ರೆಕ್ಕೆಯ ಸಣ್ಣ ತುಣುಕು ಸಿಕ್ಕರೂ ಸಾಕು.

ಒಂದೇ ಜಾತಿಯ ಮೀನುಗಳಲ್ಲೂ ಒಂದು ಜೀನಿಗೆ ಹಲವು ರೂಪ ಇರುತ್ತವೆ. ಎಷ್ಟು ರೂಪ ಇವೆ, ಅವು ಹೇಗೆ ಹಂಚಿಕೊಂಡಿವೆ ಅನ್ನುವುದೇ ಜೀನ್ ವೈವಿಧ್ಯ. ನೀರು ಬಿಸಿಯಾದಾಗಲೋ ಹೊಸ ರೋಗ ಬಂದಾಗಲೋ ತಾಳಿಕೊಳ್ಳುವ ಮೀನು ಒಂದಿಷ್ಟಾದರೂ ಉಳಿಯಬೇಕು, ಅಲ್ವಾ? ಅದಕ್ಕೆ ಈ ವೈವಿಧ್ಯ ಬೇಕು.

ಸಮೂಹ ರಚನೆಯನ್ನು ನಮ್ಮ ಗೋಕಾಕದಲ್ಲೇ ಯೋಚಿಸಿ ನೋಡಬಹುದು. ಅಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತದೆ. ಮೇಲಿನ ಮೀನು ಕೊಚ್ಚಿಕೊಂಡು ಕೆಳಗೆ ಬರಬಹುದು, ಕೆಳಗಿನದು ಮೇಲೆ ಹತ್ತಲಾರದು. ಹೀಗೆ ಬೆರೆಯುವುದು ಕಡಿಮೆಯಾದರೆ, ತಲೆಮಾರು ಕಳೆದಂತೆ ಎರಡೂ ಕಡೆ ಜೀನ್ ರೂಪಗಳ ಪ್ರಮಾಣ ಬೇರೆಯಾಗುತ್ತಾ ಹೋಗುತ್ತದೆ. ಆಲಮಟ್ಟಿಯಂಥ ಅಣೆಕಟ್ಟೂ ಮೀನಿಗೆ ಅಡ್ಡವೇ. ಒಂದು ಜಾತಿ ಹೀಗೆ ಯಾವ ಯಾವ ಬಳಗಗಳಾಗಿ ಒಡೆದಿದೆ, ಅವುಗಳ ನಡುವೆ ಎಷ್ಟು ಬೆರಕೆ ನಡೆಯುತ್ತದೆ ಅನ್ನುವ ಚಿತ್ರಕ್ಕೆ ಸಮೂಹ ರಚನೆ ಅಂತಾರೆ.

ಸಮುದ್ರದಲ್ಲಿ ಅಂಥ ಅಡ್ಡ ಕಡಿಮೆ. ಬಾಂಗಡೆಯ ಮೊಟ್ಟೆ ನೀರಲ್ಲಿ ತೇಲುತ್ತದೆ, ಮರಿಯನ್ನು ಪ್ರವಾಹ ದೂರ ಒಯ್ಯುತ್ತದೆ. ಬಳಗಗಳ ನಡುವಿನ ಜೀನ್ ವ್ಯತ್ಯಾಸ ಅಳೆಯಲು ಸ್ಯೂಯಲ್ ರೈಟ್ ಎಂಬ ವಿಜ್ಞಾನಿ ಕೊಟ್ಟ ಎಫ್‌ಎಸ್‌ಟಿ ಅನ್ನುವ ಅಳತೆ ಇದೆ. ಸೊನ್ನೆ ಬಂದರೆ ಪೂರ್ತಿ ಬೆರೆತಿವೆ, 1 ಬಂದರೆ ಪೂರ್ತಿ ಬೇರೆ. ಸಮುದ್ರ ಮೀನುಗಳಲ್ಲಿ ಅದು ಸಾಮಾನ್ಯವಾಗಿ ಸೊನ್ನೆಯ ಹತ್ತಿರವೇ ಇರುತ್ತದೆ.

ಹಾಗಂತ ಎಲ್ಲ ಒಂದೇ ಬಳಗ ಅಂದುಬಿಡುವುದು ಅವಸರ. ಒಂದು ತಲೆಮಾರಿಗೆ ಬೆರಳೆಣಿಕೆಯ ಮೀನು ಆ ಕಡೆಯಿಂದ ಈ ಕಡೆ ಬಂದು ಮರಿ ಮಾಡಿದರೂ ಎಫ್‌ಎಸ್‌ಟಿ ಕೆಳಗಿಳಿಯುತ್ತದೆ. ಆದರೆ ಬಲೆ ಹಾಕಿ ಬರಿದು ಮಾಡಿದ ಒಂದು ಕಡಲನ್ನು ಆ ಬೆರಳೆಣಿಕೆಯ ಮೀನು ಮತ್ತೆ ತುಂಬಿಸಲಾರವು. ಜೀನ್ ಬೆರೆಯುವುದು, ಬರಿದಾದ ಕಡಲು ಮತ್ತೆ ತುಂಬುವುದು, ಮೀನುಗಾರಿಕೆಯ ನಿಯಮ ಮಾಡುವವರು ಈ ಎರಡನ್ನೂ ಬೇರೆ ಬೇರೆ ನೋಡಲೇಬೇಕು ಅಂತ ನನ್ನ ಅನಿಸಿಕೆ.

ಮೀನಿನ ಸಂಖ್ಯೆ ನೋಡಿ ಸಮಾಧಾನಪಡುವುದೂ ಸಾಲದು. ನ್ಯೂಜಿಲೆಂಡಿನ ಟಾಸ್ಮನ್ ಕೊಲ್ಲಿಯಲ್ಲಿ ಸ್ನ್ಯಾಪರ್ ಎಂಬ ಮೀನಿನ ಹುರುಪೆಗಳನ್ನು 1950ರಿಂದ ತೆಗೆದಿಟ್ಟಿದ್ದರು. ಅವುಗಳ ಡಿಎನ್‌ಎ ಪರೀಕ್ಷಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೊಲ್ಲಿಯಲ್ಲಿ ಲಕ್ಷಗಟ್ಟಲೆ ಮೀನು ಇದ್ದಾಗಲೂ ಜೀನ್ ವೈವಿಧ್ಯ ಇಳಿಯುತ್ತಾ ಬಂದಿತ್ತು. ಮುಂದಿನ ತಲೆಮಾರಿಗೆ ಜೀನ್ ದಾಟಿಸುವ ಲೆಕ್ಕದಲ್ಲಿ ಅಷ್ಟೂ ಮೀನು ಇನ್ನೂರಕ್ಕಿಂತ ಕಡಿಮೆ ಮೀನುಗಳಿಗೆ ಸಮವಾಗಿದ್ದವು. ಒಂದು ಹೆಣ್ಣು ಮೀನು ರಾಶಿ ರಾಶಿ ಮೊಟ್ಟೆ ಇಡುತ್ತದೆ ನಿಜ. ಆದರೆ ಎಷ್ಟೋ ವರ್ಷ, ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿ ಮೊಟ್ಟೆ ಇಟ್ಟ ಕೆಲವೇ ತಾಯಂದಿರ ಮರಿಗಳು ಬದುಕುತ್ತವೆ.